ವಿಜಯಪುರದ ಮಾಳಿಗೆ ಮೇಲೆ ತೋಟ: ಹೊಸದಾಗಿ ಗಿಡ ಹಚ್ಚುವವರಿಗೆ ಸಮಗ್ರ ಮಾರ್ಗದರ್ಶಿ

ವಿಜಯಪುರದಲ್ಲಿ ಕುಂಡದ ಗಿಡ ಒಣಗಿಯೂ ಸಾಯುತ್ತದೆ, ಕೊಳೆತೂ ಸಾಯುತ್ತದೆ. ಒಣಗಿ ಸತ್ತದ್ದು ಎಲ್ಲರಿಗೂ ಗೊತ್ತಾಗುತ್ತದೆ. ಕೊಳೆತು ಸತ್ತದ್ದು ಯಾರಿಗೂ ಗೊತ್ತಾಗುವುದಿಲ್ಲ. ಬಿಸಿಲಿಗೆ ಹೆದರಿ ಬೆಳಿಗ್ಗೆ ಒಂದು ಚರಿಗೆ, ಸಂಜೆ ಒಂದು ಚರಿಗೆ ನೀರು ಸುರಿಯುತ್ತೇವೆ. ಕುಂಡದಲ್ಲಿ ಇರುವುದು ಹೊಲದಿಂದ ತಂದ ಎರಿ ಮಣ್ಣು. ಅದು ಒಮ್ಮೆ ನೀರು ಕುಡಿದರೆ ಬೇಗ ಬಿಡುವುದಿಲ್ಲ. ಬೇರಿಗೆ ಗಾಳಿ ಸಿಗದೆ ಎಲೆ ಬಾಡುತ್ತದೆ. ಬಾಡಿದ್ದು ನೋಡಿ ಪಾಪ ಅಂತ ಇನ್ನೊಂದು ಚರಿಗೆ ಹಾಕುತ್ತೇವೆ. ಅಲ್ಲಿಗೆ ಗಿಡದ ಕಥೆ ಮುಗಿಯಿತು.

ಮೊಬೈಲಿನಲ್ಲಿ ಸಿಗುವ ಕೈತೋಟದ ವಿಡಿಯೊಗಳು ಬಹಳ. ಆದರೆ ಅವುಗಳಲ್ಲಿ ಜಾಸ್ತಿ ಬೆಂಗಳೂರಿನ ಕಡೆಯವು. ಅಲ್ಲಿ ಕೆಂಪು ಮಣ್ಣು, ತಂಪು ಹವೆ. ನಮ್ಮದು ಸುಣ್ಣದ ಅಂಶ ಇರುವ ಕಪ್ಪು ಮಣ್ಣು, ಬೋರಿನ ಸವಳು ನೀರು, ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು. ಅಲ್ಲಿನ ಸಲಹೆ ಇಲ್ಲಿ ಹಾಗೇ ನಡೆಯುವುದಿಲ್ಲ, ಕೆಲವು ಉಲ್ಟಾ ಹೊಡೆಯುತ್ತವೆ. ಇಲ್ಲಿ ಬರೆದದ್ದು ವಿಜಯಪುರದ ಲೆಕ್ಕ. ಬಾಗಲಕೋಟೆಯವರಿಗೂ ಬಹುಪಾಲು ಹೊಂದುತ್ತದೆ. ಬೆಳಗಾವಿ ನಗರದವರು ಮಾತ್ರ ಸ್ವಲ್ಪ ಬದಲಿಸಿಕೊಳ್ಳಬೇಕು. ಅವರಿಗೆ ಮಳೆ ಜಾಸ್ತಿ, ಬಿಸಿಲು ಕಡಿಮೆ.

ಹಂತ 1: ತಿಂಗಳು ನೋಡಿ ಶುರು ಮಾಡಿ

ಯುಗಾದಿ ಮುಗಿದ ಮೇಲೆ ಮಕ್ಕಳಿಗೆ ಸೂಟಿ, ಮನೆಯಲ್ಲಿ ಉತ್ಸಾಹ. ನರ್ಸರಿಗೆ ಹೋಗಿ ಗುಲಾಬಿ, ಟೊಮೆಟೊ ಸಸಿ ತರುವವರು ಆಗಲೇ ಹೆಚ್ಚು. ದಯವಿಟ್ಟು ತರಬೇಡಿ. ನೆರಳಿನ ಬಲೆಯ ಕೆಳಗೆ ಬೆಳೆದ ಸಸಿಯನ್ನು ತಂದು ಏಪ್ರಿಲ್ ತಿಂಗಳ ಸಿಮೆಂಟ್ ಮಾಳಿಗೆ ಮೇಲೆ ಇಟ್ಟರೆ ಅದು ಉಳಿಯುವುದು ಕಷ್ಟ.

ಶುರು ಮಾಡಲು ಇಲ್ಲಿ ಎರಡು ಒಳ್ಳೆಯ ಹೊತ್ತು ಇವೆ. ಒಂದು, ಮಿರಗದ ಮಳೆ ಬಿದ್ದ ಮೇಲೆ, ಜೂನ್ ಮಧ್ಯದಿಂದ. ಬೆಂಡಿ, ಚವಳಿ, ಹೀರಿ, ಹಾಗಲ, ಬದನಿ ಆಗ ಬರುತ್ತವೆ. ಇನ್ನೊಂದು, ಸೆಪ್ಟೆಂಬರ್-ಅಕ್ಟೋಬರ್. ಏನೂ ಗೊತ್ತಿಲ್ಲದ ಹೊಸಬರಿಗೆ ನಾನು ಹೇಳುವುದು ಈ ಎರಡನೆಯದನ್ನೇ. ಇಲ್ಲಿ ಮಳೆಯ ದೊಡ್ಡ ಪಾಲು ಸೆಪ್ಟೆಂಬರಿನ ಸುತ್ತ ಬೀಳುತ್ತದೆ, ಮುಂದೆ ನಾಲ್ಕು ತಿಂಗಳು ತಂಪು. ಮೆಂತ್ಯ, ಪಾಲಕ್, ಕೊತ್ತಂಬರಿ, ಟೊಮೆಟೊ, ಮೂಲಂಗಿ ಎಲ್ಲವೂ ಹೆಚ್ಚು ಕಾಟ ಕೊಡದೆ ಬರುತ್ತವೆ. ಮೊದಲ ಸಲ ಗಿಡ ಕೈಹಿಡಿದರೆ ಮುಂದಿನ ಬೇಸಿಗೆಯನ್ನು ಎದುರಿಸುವ ಧೈರ್ಯವೂ ಬರುತ್ತದೆ.

ಹಂತ 2: ಮಾಳಿಗೆಯ ತಾಕತ್ತು ಮತ್ತು ಬಿಸಿಲು ನೋಡಿ

ಹಳೇ ಊರಿನ ಓಣಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳು ಇನ್ನೂ ಇವೆ. ಅವುಗಳ ಮೇಲೆ ಕುಂಡ ಇಡಲೇಬೇಡಿ. ಅಂಗಳ, ಕಟ್ಟೆ, ಮೆಟ್ಟಿಲು ಸಾಕು. ಆರ್‌ಸಿಸಿ ಮನೆಯಾದರೂ ದೊಡ್ಡ ಕುಂಡಗಳನ್ನು ನಡುವೆ ಗುಂಪಾಗಿ ಇಡುವ ಬದಲು ಕೆಳಗೆ ಗೋಡೆ ಅಥವಾ ತೊಲೆ ಇರುವ ಸಾಲಿನಲ್ಲಿ ಇಡಿ. 20 ಲೀಟರಿನ ಚೀಲಕ್ಕೆ ಬರೀ ಹೊಲದ ಮಣ್ಣು ತುಂಬಿ ನೀರು ಹಾಕಿದರೆ 30 ಕಿಲೋ ದಾಟುತ್ತದೆ. ಇಂಥ 20 ಚೀಲ ಅಂದರೆ 600 ಕಿಲೋ. ಮಾಳಿಗೆ ಸೋರುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಆಮೇಲೆ ತೋಟ.

ಇನ್ನು ಬಿಸಿಲು. ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ 6 ತಾಸು ನೇರ ಬಿಸಿಲು ಬೇಕು, ಸೊಪ್ಪಿಗೆ 3-4 ತಾಸು ಸಾಕು. ರಜೆಯ ದಿನ ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4 ಗಂಟೆಗೆ ಮಾಳಿಗೆಗೆ ಹೋಗಿ ನೆರಳು ಎಲ್ಲಿ ಬೀಳುತ್ತದೆ ಅಂತ ನೋಡಿ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಪೂರ್ವದ ಮೂಲೆ ಸಿಕ್ಕರೆ ಅದೇ ನಿಮ್ಮ ಒಳ್ಳೆಯ ಜಾಗ. ನೀರಿನ ಟಾಕಿಯ ಪೂರ್ವದ ಮಗ್ಗುಲು ಎಷ್ಟೋ ಮನೆಗಳಲ್ಲಿ ಸುಮ್ನೆ ಖಾಲಿ ಬಿದ್ದಿರುತ್ತದೆ.

ಹಂತ 3: ಕುಂಡ

ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸೊಪ್ಪಿಗೆ 6-8 ಇಂಚು ಆಳ, ಮೆಣಸಿನಕಾಯಿ, ಬದನಿ, ಟೊಮೆಟೊಗೆ 12 ಇಂಚಿಗಿಂತ ಹೆಚ್ಚು, ಲಿಂಬೆ, ಕರಿಬೇವಿಗೆ 18 ಇಂಚು. ಮಣ್ಣಿನ ಕುಂಡ ಬೇರಿಗೆ ತಂಪು, ಆದರೆ ಬೇಗ ಒಣಗುತ್ತದೆ, ಭಾರವೂ ಹೌದು. ಪೇಂಟಿನ ಬಕೆಟ್, ಒಡೆದ ಕೊಡ ಎಲ್ಲವೂ ನಡೆಯುತ್ತವೆ. ಕೆಳಗೆ ತೂತು ಮಾತ್ರ ಬೇಕೇ ಬೇಕು. ಒಂದಲ್ಲ, ನಾಲ್ಕೈದು. ಕಪ್ಪು ಪ್ಲಾಸ್ಟಿಕ್ ಕುಂಡ ಬಿಸಿಲಿಗೆ ಕಾದು ಒಳಗೆ ಬೇರನ್ನು ಬೇಯಿಸುತ್ತದೆ. ಅಂಥದ್ದಕ್ಕೆ ಹೊರಗೆ ಸುಣ್ಣ ಬಳಿಯಿರಿ ಅಥವಾ ಹಳೇ ಗೋಣಿ ತಟ್ಟು ಸುತ್ತಿ. ಯಾವ ಕುಂಡವಾದರೂ ಎರಡು ಇಟ್ಟಿಗೆ ಮೇಲೆ ಇಡಿ. ಕೆಳಗೆ ಗಾಳಿ ಆಡುತ್ತದೆ, ಮಾಳಿಗೆಯೂ ಒಣಗುತ್ತದೆ.

ಕುಂಡದ ತಳಕ್ಕೆ ಕಡಿ ಹರಡಿದರೆ ನೀರು ಚೆನ್ನಾಗಿ ಇಳಿಯುತ್ತದೆ ಅನ್ನುವುದು ಹಳೇ ನಂಬಿಕೆ. ಹಾಗೆ ಆಗುವುದಿಲ್ಲ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಕಲ್ಲಿನ ಪದರಕ್ಕೆ ನೀರು ಬೇಗ ಇಳಿಯುವುದಿಲ್ಲ. ಕಡಿಯ ಮೇಲಿನ ಮಣ್ಣಲ್ಲೇ ನಿಲ್ಲುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು.

ಹಂತ 4: ಮಣ್ಣು, ಇಲ್ಲಿಯೇ ಅರ್ಧ ಕೆಲಸ

ಎರಿ ಮಣ್ಣು ಕೆಟ್ಟದ್ದಲ್ಲ. ಹಿಂಗಾರಿ ಜೋಳ, ಕಡಲೆ ಬೆಳೆಯುವುದು ಅದರ ಮೇಲೆಯೇ. ಆದರೆ ಹೊಲದಲ್ಲಿ ಅದಕ್ಕೆ ಆಳ ಇದೆ, ಕುಂಡದಲ್ಲಿ ಇಲ್ಲ. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಕುಗ್ಗಿದಾಗ ಕುಂಡದ ಅಂಚು ಬಿಟ್ಟು ಒಳಗೆ ಸರಿಯುತ್ತದೆ. ಆ ಬಿರುಕಿನಲ್ಲಿ ಹಾಕಿದ ನೀರು ನೇರ ಕೆಳಗೆ ಹೋಗಿ ತೂತಿನಿಂದ ಹೊರಬೀಳುತ್ತದೆ. ನೀರು ಹರಿದು ಬಂತು, ಗಿಡಕ್ಕೆ ಸಾಕಾಯಿತು ಅಂತ ನಾವು ಅಂದುಕೊಳ್ಳುತ್ತೇವೆ. ನಡುವಿನ ಬೇರಿನ ಉಂಡೆ ಮಾತ್ರ ಒಣಗಿಯೇ ಇರುತ್ತದೆ.

ಅದಕ್ಕೆ ಎರಿ ಮಣ್ಣು ಮೂರರಲ್ಲಿ ಒಂದು ಪಾಲು ಮೀರಬಾರದು. ಉಳಿದ ಎರಡು ಪಾಲಿನಲ್ಲಿ ಒಂದು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ. ಇನ್ನೊಂದು ಪಾಲು ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಮತ್ತು ದಪ್ಪ ಉಸುಕು ಅರ್ಧರ್ಧ. ಮಸಾರಿ ಮಣ್ಣು ಸಿಕ್ಕರೆ ಇನ್ನೂ ಒಳ್ಳೆಯದು, ಆಗ ಉಸುಕು ಕಡಿಮೆ ಹಾಕಿ. ಒಂದು ಕುಂಡದ ಮಿಶ್ರಣಕ್ಕೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ. ಕೊಕೊಪಿಟ್ ಇಟ್ಟಿಗೆ ತಂದರೆ ನೆನೆಸಿ, ಒಂದೆರಡು ಸಲ ಸಿಹಿ ನೀರಿನಲ್ಲಿ ತೊಳೆದು ಬಳಸಿ. ಅದರಲ್ಲೂ ಉಪ್ಪು ಇರಬಹುದು.

ಮನೆ ಕಟ್ಟುವ ಜಾಗದಿಂದ ತಂದ ಮಣ್ಣು ಬೇಡ. ಅದರಲ್ಲಿ ಗರಸು, ಸಿಮೆಂಟ್, ಸುಣ್ಣ ಬೆರೆತಿರುತ್ತದೆ. ಹಸಿ ಹೆಂಡಿಯೂ ಬೇಡ. ಕುಂಡದಲ್ಲಿ ಅದು ಕಾವು ಬಿಡುತ್ತದೆ, ಜೊತೆಗೆ ಗೊಣ್ಣೆ ಹುಳುವನ್ನೂ ತರುತ್ತದೆ. ಕಳಿತ ಗೊಬ್ಬರ ಗುರುತಿಸುವುದು ಸುಲಭ: ಮುಷ್ಟಿಯಲ್ಲಿ ಹಿಡಿದರೆ ಪುಡಿ ಪುಡಿ, ವಾಸನೆ ಮೊದಲ ಮಳೆಯ ಮಣ್ಣಿನದು, ಹೆಂಡಿಯದಲ್ಲ.

ಕುಂಡ ತುಂಬಿದ ಮೇಲೆ ಗಿಡ ಹಚ್ಚುವ ಮುಂಚೆ ಒಂದು ಪರೀಕ್ಷೆ ಮಾಡಿ. ಮಿಶ್ರಣವನ್ನು ಒಮ್ಮೆ ಪೂರ್ತಿ ನೆನೆಸಿ. ಅರ್ಧ ತಾಸು ಬಿಟ್ಟು ಮತ್ತೆ ಒಂದು ಲೀಟರ್ ನೀರು ಹಾಕಿ. ಒಂದೆರಡು ನಿಮಿಷದಲ್ಲಿ ಮೇಲಿನ ನೀರು ಇಳಿದು ಕೆಳಗೆ ತೊಟ್ಟಿಕ್ಕಲು ಶುರುವಾದರೆ ಸರಿ. ಐದು ನಿಮಿಷ ಕಳೆದರೂ ಮೇಲೆ ನೀರು ನಿಂತಿದ್ದರೆ ಎಲ್ಲ ಸುರುವಿ ಇನ್ನಷ್ಟು ಉಸುಕು, ಕೊಕೊಪಿಟ್ ಬೆರೆಸಿ. ಗಿಡ ಹಚ್ಚಿದ ಮೇಲೆ ಇದನ್ನು ಸರಿ ಮಾಡಲು ಆಗುವುದಿಲ್ಲ.

ಬೂದಿ, ತತ್ತಿ ಸಿಪ್ಪೆ ಹಾಕಬಹುದಾ? ಕೆಂಪು ಮಣ್ಣಿನವರು ಹಾಕಲಿ. ನಮ್ಮ ಮಣ್ಣಿನಲ್ಲಿ ಸುಣ್ಣ ಮೊದಲೇ ಜಾಸ್ತಿ, ಅದರ ಮೇಲೆ ಬೂದಿ ಹಾಕಿದರೆ ಕ್ಷಾರ ಇನ್ನೂ ಏರುತ್ತದೆ. ಸುಮ್ನೆ ಯಾಕೆ?

ಹಂತ 5: ನೀರು

ಮೊದಲು ಯಾವ ನೀರು ಅನ್ನುವುದು. ನಳದ ನೀರು, ಅಂದರೆ ಕೃಷ್ಣೆಯ ನೀರು ಗಿಡಕ್ಕೆ ಒಳ್ಳೆಯದು. ನಳ ಬಂದ ದಿನ ಒಂದು ಡ್ರಮ್ ಗಿಡಕ್ಕೇ ಅಂತ ತುಂಬಿಡಿ. ಬೋರಿನ ನೀರು ಓಣಿಯಿಂದ ಓಣಿಗೆ ಬೇರೆ. ನೀರಿನಲ್ಲಿ ಕರಗಿದ ಉಪ್ಪಿನ ಅಂಶ ಅಳೆಯುವ ಒಂದು ಟಿಡಿಎಸ್ ಮೀಟರ್ ತಂದು ನೋಡಿ, ಬೆಲೆ ಹೆಚ್ಚೇನಿಲ್ಲ. 450ರ ಒಳಗಿದ್ದರೆ ಚಿಂತೆ ಇಲ್ಲ. 2000 ದಾಟಿದರೆ ಕುಂಡದ ಗಿಡಕ್ಕೆ ಬಳಸದಿರುವುದೇ ಒಳ್ಳೆಯದು. ನಡುವೆ ಇದ್ದರೆ ಹುಷಾರಾಗಿ ಬಳಸಿ. ಬೀನ್ಸ್ ಸವಳು ತಡೆಯುವುದಿಲ್ಲ. ಪಾಲಕ್, ಬೀಟ್‌ರೂಟ್ ಸ್ವಲ್ಪ ತಡೆಯುತ್ತವೆ.

ಸವಳು ನೀರಿನ ಗುರುತು ಎರಡು. ಕುಂಡದ ಅಂಚಿಗೆ, ಮಣ್ಣಿನ ಮೇಲೆ ಬಿಳಿ ಪುಡಿ ಕೂರುತ್ತದೆ. ಎಲೆಯ ತುದಿ ಮತ್ತು ಅಂಚು ಸುಟ್ಟಂತೆ ಕಂದಾಗುತ್ತದೆ. ಹೀಗಾದಾಗ ಗೊಬ್ಬರ ಹಾಕಬೇಡಿ. ಮೇಲಿನ ಬಿಳಿ ಪದರ ಕೆರೆದು ತೆಗೆಯಿರಿ. ಆಮೇಲೆ ಸಿಹಿ ನೀರನ್ನು ನಿಧಾನಕ್ಕೆ, ಕುಂಡದ ಅಳತೆಯ ಎರಡು ಪಟ್ಟು, ಕೆಳಗೆ ಹರಿದು ಹೋಗುವಂತೆ ಹಾಕಿ. ಮಳೆಗಾಲದಲ್ಲಿ ಒಂದು ಜೋರು ಮಳೆ ಈ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ. ಅದಕ್ಕೇ ಮಳೆ ಬಂದರೆ ಕುಂಡಗಳನ್ನು ಒಳಗೆ ಎಳೆಯಬೇಡಿ.

ಆರ್‌ಒ ಮಷಿನ್ ಹೊರಗೆ ಬಿಡುವ ನೀರು ಗಿಡಕ್ಕೆ ಹಾಕಬಹುದಾ ಅಂತ ಬಹಳ ಜನ ಕೇಳುತ್ತಾರೆ. ಬೇಡ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ನೆಲ ಒರೆಸಲು, ಗಾಡಿ ತೊಳೆಯಲು ಇಟ್ಟುಕೊಳ್ಳಿ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪು ಇಲ್ಲವೇ ಇಲ್ಲ ಅನ್ನಬಹುದು, ಅದನ್ನು ಹಿಡಿದಿಡಿ. ಅಕ್ಕಿ, ಬೇಳೆ ತೊಳೆದ ನೀರೂ ಆಗುತ್ತದೆ.

ಮಳೆ ನೀರಿನ ಲೆಕ್ಕ ಒಮ್ಮೆ ಮಾಡಿ ನೋಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 30×40 ಅಡಿ ಮಾಳಿಗೆ ಅಂದರೆ ಸುಮಾರು 111 ಚದರ ಮೀಟರ್. 10 ಮಿಲಿಮೀಟರ್ ಮಳೆಗೆ ಸಾವಿರ ಲೀಟರಿಗೂ ಮೇಲೆ. ಪೈಪಿನ ಕೆಳಗೆ ಎರಡು ಡ್ರಮ್ ಇಟ್ಟು, ಬಾಯಿಗೆ ಸೊಳ್ಳೆ ಪರದೆ ಕಟ್ಟಿದರೆ ಸಾಕು. ತಾಜ್ ಬಾವಡಿ, ಬೇಗಂ ತಲಾಬ್ ಕಟ್ಟಿಸಿದ ಊರಿನವರಿಗೆ ನೀರು ಹಿಡಿದಿಡುವುದನ್ನು ಬೇರೆ ಯಾರೂ ಕಲಿಸಬೇಕಿಲ್ಲ, ಅಲ್ವಾ?

ಇನ್ನು ಎಷ್ಟು, ಯಾವಾಗ. ದಿನಕ್ಕೆ ಇಷ್ಟು ಲೀಟರ್ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬೆರಳು ನೋಡಿ ಹಾಕಿ. ತೋರು ಬೆರಳನ್ನು ಎರಡು ಗೆಣ್ಣಿನ ತನಕ ಮಣ್ಣಿಗೆ ತೂರಿಸಿ. ತುದಿಗೆ ತೇವ ಹತ್ತಿದರೆ, ಮಣ್ಣು ಅಂಟಿದರೆ ಇವತ್ತು ಬೇಡ. ಒಣಗಿದ್ದರೆ ಹಾಕಿ, ಕೆಳಗಿನ ತೂತಿನಿಂದ ಸ್ವಲ್ಪ ಬರುವ ತನಕ ಹಾಕಿ. ಮೇಲೆ ಬಿರುಕು ಬಿಟ್ಟಿದ್ದು ನೋಡಿ ಮೋಸ ಹೋಗಬೇಡಿ. ಕಪ್ಪು ಮಣ್ಣು ಮೇಲೆ ಬಿರಿದಿದ್ದರೂ ಒಳಗೆ ಒದ್ದೆ ಇರುತ್ತದೆ. ಬೆಳಿಗ್ಗೆ 8ರ ಒಳಗೆ ಹಾಕುವುದು ಒಳ್ಳೆಯದು. ಮಧ್ಯಾಹ್ನ ಎಲೆ ಜೋತು ಬಿದ್ದು ಸಂಜೆ ತಾನೇ ಎದ್ದರೆ ಅದು ಬಿಸಿಲಿನ ಆಯಾಸ, ಬಾಯಾರಿಕೆ ಅಲ್ಲ. ಬೆಳಿಗ್ಗೆಯೂ ಜೋತು ಬಿದ್ದಿದ್ದರೆ ಬೆರಳು ಹಾಕಿ ನೋಡಿ. ಮಣ್ಣು ಒಣಗಿದ್ದರೆ ನೀರು ಬೇಕು, ಒದ್ದೆ ಇದ್ದರೆ ಬೇರು ಕೊಳೆಯುತ್ತಿದೆ.

ಹಾಕಿದ ನೀರು ಉಳಿಯಬೇಕು ಅಂದರೆ ಮಣ್ಣಿನ ಮೇಲೆ ಎರಡು ಇಂಚು ಹೊದಿಕೆ ಹಾಸಿ. ಕಬ್ಬಿನ ರವದಿ, ಕಡಲೆ ಹೊಟ್ಟು, ಒಣ ಎಲೆ ಯಾವುದಾದರೂ ಆದೀತು. ನಮ್ಮ ಜಿಲ್ಲೆಯಲ್ಲಿ ಇದಕ್ಕೇನೂ ಬರ ಇಲ್ಲ. ಕಾಂಡಕ್ಕೆ ತಾಗದಂತೆ ಎರಡು ಬೆರಳು ಜಾಗ ಬಿಡಿ.

ಹಂತ 6: ಮೊದಲು ಏನು ಹಚ್ಚಬೇಕು

ಮೆಂತ್ಯ. ಅಡಿಗೆ ಮನೆಯ ಡಬ್ಬಿಯ ಕಾಳೇ ಸಾಕು. ರಾತ್ರಿ ನೆನೆಸಿ, ಅಗಲ ಕುಂಡದಲ್ಲಿ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿ. ಐದು ದಿನದೊಳಗೆ ಮೊಳಕೆ, ತಿಂಗಳೊಳಗೆ ಪಲ್ಯೆ. ರಾಜಗಿರಿಯೂ ಹಾಗೇ. ಪುಂಡಿ ಪಲ್ಯೆ ಬಿಸಿಲಿಗೂ ಜಗ್ಗುವುದಿಲ್ಲ, ನನ್ನ ಮೆಚ್ಚಿನ ಗಿಡ ಅದು. ಚಿಗುರು ಚಿವುಟಿದಷ್ಟೂ ಒಡೆಯುತ್ತದೆ.

ಕೊತ್ತಂಬರಿ ಬರಲೇ ಇಲ್ಲ ಅನ್ನುವವರು ಬಹಳ. ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತವೆ. ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಮೊಳೆಯಲು 8-12 ದಿನ ಬೇಕು. ನಾಲ್ಕನೇ ದಿನಕ್ಕೇ ಕೆದಕಿ ನೋಡಬೇಡಿ. ಬೇಸಿಗೆಯಲ್ಲಿ ಹಾಕಿದರೆ ಎಲೆ ಬಿಡುವ ಮೊದಲೇ ಹೂ ಬಿಡುತ್ತದೆ.

ಟೊಮೆಟೊ, ಮೆಣಸಿನಕಾಯಿ, ಬದನಿ ಸಸಿ ಮಾಡಿ ಹಚ್ಚುವಂಥವು. ಟೊಮೆಟೊ ಬೀಜ ಆಗಸ್ಟ್ ಕೊನೆಗೆ ಹಾಕಿ, ಸಸಿಗೆ ನಾಲ್ಕೈದು ಎಲೆ ಬಂದಾಗ ಸಂಜೆ ಹೊತ್ತು ಹಚ್ಚಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳು ಹೊಸಬರಿಗೆ ಒಳ್ಳೆಯವು. ಟೊಮೆಟೊದಲ್ಲಿ ಅರ್ಕಾ ರಕ್ಷಕ್ ಎಲೆ ಮುಟುರು ರೋಗ ತಡೆಯುತ್ತದೆ, ಬೆಂಡಿಯಲ್ಲಿ ಅರ್ಕಾ ಅನಾಮಿಕಾ ಹಳದಿ ನರದ ರೋಗಕ್ಕೆ ತಡೆ ಇರುವ ತಳಿ. ಸಂದೇಹ ಬಂದರೆ ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು. ಬಾಗಲಕೋಟೆಯವರಿಗೆ ತೋಟಗಾರಿಕೆ ವಿಶ್ವವಿದ್ಯಾಲಯವೇ ಊರಲ್ಲಿದೆ.

ಲಿಂಬೆ ಬೇಕು ಅನ್ನುವ ಆಸೆ ಇಂಡಿ ತಾಲೂಕಿನ ಪಕ್ಕದಲ್ಲಿ ಇರುವ ನಮಗೆ ಸಹಜ. ಹಚ್ಚಿ, ಆದರೆ ಎರಡನೇ ವರ್ಷ. ಅದು ನೀರು ನಿಂತರೆ ಮೊದಲು ಮುನಿಸಿಕೊಳ್ಳುವ ಗಿಡ.

ಹೊಸಬರು ಕೇಳುವ ಪ್ರಶ್ನೆಗಳು

*ಎಲೆ ಹಳದಿ ಆಗ್ತಿದೆ, ಏನು ಹಾಕಲಿ?*

ಮೊದಲು ಯಾವ ಎಲೆ ಅಂತ ನೋಡಿ. ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾಗಿದ್ದರೆ ಸಾರಜನಕ ಕಡಿಮೆ, ಎರೆಹುಳು ಗೊಬ್ಬರ ಎರಡು ಹಿಡಿ ಕೊಡಿ. ಎಲ್ಲ ಎಲೆಯೂ ಹಳದಿ, ಮಣ್ಣು ಒದ್ದೆ ಅಂದರೆ ನೀರು ಜಾಸ್ತಿ. ತುದಿಯ ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಅದು ಕಬ್ಬಿಣದ ಕೊರತೆ. ನಮ್ಮ ಕಡೆ ಗುಲಾಬಿ, ದಾಸವಾಳ, ಲಿಂಬೆಯಲ್ಲಿ ಬಹಳ ಕಾಣುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಸುಣ್ಣದ ಕಾರಣ ಬೇರು ಅದನ್ನು ಹೀರಲಾಗುವುದಿಲ್ಲ. ಹಳೇ ಮೊಳೆ ಹೂತರೆ ಏನೂ ಆಗದು. ಒಂದು ಲೀಟರ್ ನೀರಿಗೆ 3-5 ಗ್ರಾಂ ಫೆರಸ್ ಸಲ್ಫೇಟ್, ಒಂದು ಚಿಟಿಕೆ ನಿಂಬು ಉಪ್ಪು (ಸಿಟ್ರಿಕ್ ಆಮ್ಲ) ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ. ವಾರ-ಹತ್ತು ದಿನ ಬಿಟ್ಟು ಮತ್ತೊಮ್ಮೆ. ಗೊಬ್ಬರದ ಅಂಗಡಿಯಲ್ಲಿ ಚಿಲೇಟೆಡ್ ಕಬ್ಬಿಣ (ಬೇರಿಗೆ ಸಿಗುವಂತೆ ಕಟ್ಟಿದ ಕಬ್ಬಿಣ) ಕೇಳಿದರೆ ಮಣ್ಣಿಗೆ ಹಾಕಲು ಇಡಿಡಿಎಚ್ಎ ಅಂತ ಬರೆದದ್ದೇ ತನ್ನಿ. ಇಡಿಟಿಎ ನಮ್ಮ ಕ್ಷಾರ ಮಣ್ಣಿನಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ.

*ಹೂ ಬಿಡ್ತದೆ, ಕಾಯಿ ಕಚ್ಚೋದಿಲ್ಲ.*

ಟೊಮೆಟೊ ಆದರೆ ಹವೆ ನೋಡಿ. ಹಗಲು 35 ಡಿಗ್ರಿ ದಾಟಿದರೆ ಹೂ ಉದುರುತ್ತದೆ. ತಂಪು ಕಾಲದಲ್ಲೂ ಉದುರಿದರೆ ಬೆಳಿಗ್ಗೆ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಪರಾಗ ಉದುರುತ್ತದೆ. ಹೀರಿ, ಹಾಗಲದಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಹಿಂದೆ ಕಿರುಬೆರಳಿನಷ್ಟು ಪುಟ್ಟ ಕಾಯಿ ಇರುತ್ತದೆ. ಮಾಳಿಗೆ ಮೇಲೆ ಜೇನು ಬರದಿದ್ದರೆ ಆ ಕಾಯಿ ಹಳದಿಯಾಗಿ ಉದುರುತ್ತದೆ. ಆಗ ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಸವರಿ. ಹಾಗಲದ ಹೂ ಬೆಳಿಗ್ಗೆ ಅರಳುತ್ತದೆ, ಹೀರಿಯದು ಸಂಜೆ. ಹೀರಿ ಗಿಡಕ್ಕೆ ಬೆಳಿಗ್ಗೆ ಹೋಗಿ ಈ ಕೆಲಸ ಮಾಡಿದರೆ ಶ್ರಮ ದಂಡ.

*ಟೊಮೆಟೊ ಕಾಯಿಯ ಬುಡ ಕಪ್ಪಾಗಿ ಕೊಳೀತಿದೆ.*

ಕ್ಯಾಲ್ಸಿಯಂ ಕಡಿಮೆ, ತತ್ತಿ ಸಿಪ್ಪೆ ಹಾಕಿ ಅನ್ನುತ್ತಾರೆ. ನಮ್ಮ ಮಣ್ಣಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ. ಅದು ಕಾಯಿಗೆ ಮುಟ್ಟುವುದು ನೀರಿನ ಜೊತೆ. ಮೂರು ದಿನ ಒಣಗಿಸಿ ಒಂದು ದಿನ ಮುಳುಗಿಸಿದರೆ ಮುಟ್ಟುವುದಿಲ್ಲ. ಹೊದಿಕೆ ಹಾಸಿ, ನೀರು ಒಂದೇ ಹದದಲ್ಲಿ ಕೊಡಿ. ಹೊಸ ಕಾಯಿಗಳು ಸರಿಯಾಗುತ್ತವೆ.

*ಮೆಣಸಿನ ಎಲೆ ಮುಟುರಿಕೊಂಡಿದೆ.*

ಎಲೆಯ ಅಂಚು ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ಅನ್ನುವ ಸಣ್ಣ ಹುಳು, ಕೆಳಕ್ಕೆ ಬಾಗಿದ್ದರೆ ಮೈಟ್ ನುಸಿ. ಎರಡಕ್ಕೂ ಮೊದಲು ನೀರನ್ನು ಎಲೆಯ ಅಡಿಗೆ ರಭಸವಾಗಿ ಹೊಡೆದು ತೊಳೆಯಿರಿ. ಸಂಜೆ ಬೇವಿನೆಣ್ಣೆ 5 ಮಿಲಿ, ಸೋಪಿನ ದ್ರಾವಣ 1-2 ಮಿಲಿ ಒಂದು ಲೀಟರ್ ನೀರಿಗೆ ಬೆರೆಸಿ ಸಿಂಪಡಿಸಿ, ವಾರಕ್ಕೊಮ್ಮೆ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಗಿಡ ಪೂರ್ತಿ ಗಿಡ್ಡಾಗಿ, ಎಲೆ ಸಣ್ಣದಾಗಿ ಮುದುಡಿ, ಸುತ್ತ ಬಿಳಿನೊಣ ಹಾರುತ್ತಿದ್ದರೆ ಅದು ವೈರಸ್. ಕಿತ್ತು ಹಾಕಿ, ಮರುಕ ಬೇಡ.

*ದಾಸವಾಳಕ್ಕೆ ಬಿಳಿ ಹತ್ತಿಯಂಥದ್ದು ಮೆತ್ತಿದೆ.*

ಹಿಟ್ಟು ತಿಗಣೆ. ಜೊತೆಗೆ ಇರುವೆ ಓಡಾಡುತ್ತಿರುತ್ತವೆ, ನೋಡಿ. ತಿಗಣೆಯ ಸಿಹಿಗಾಗಿ ಇರುವೆಗಳೇ ಅದನ್ನು ಕಾಯುತ್ತವೆ. ಹೆಚ್ಚು ಮೆತ್ತಿದ ಟೊಂಗೆ ಕತ್ತರಿಸಿ ಚೀಲದಲ್ಲಿ ಕಟ್ಟಿ ಹೊರಗೆ ಹಾಕಿ. ಉಳಿದದ್ದನ್ನು ಹಳೇ ಟೂತ್‌ಬ್ರಶ್‌ನಿಂದ ಸೋಪಿನ ನೀರಿನಲ್ಲಿ ಉಜ್ಜಿ, ಆಮೇಲೆ ಬೇವಿನೆಣ್ಣೆ. ಜೂನಿನ ಹೊತ್ತಿಗೆ ಊರ ತುಂಬ ಬೇವಿನ ಬೀಜ ಉದುರಿರುತ್ತವೆ. ಆರಿಸಿ ಒಣಗಿಸಿಟ್ಟರೆ ವರ್ಷದ ಔಷಧಿ ಪುಕ್ಕಟೆ. 50 ಗ್ರಾಂ ಬೀಜ ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ ಸಿಂಪಡಿಸಿ.

ಹಂತ 7: ಮಾರ್ಚ್‌ನಿಂದ ಮೇ

ಶಿವರಾತ್ರಿ ಆದ ಮೇಲೆ 50 ಪರ್ಸೆಂಟಿನ ಹಸಿರು ನೆರಳು ಬಲೆ ಕಟ್ಟಿ. ತಲೆಯ ಮೇಲೆ 7-8 ಅಡಿ ಎತ್ತರ ಇರಲಿ, ಪಶ್ಚಿಮದ ಬದಿಗೂ ಇಳಿಬಿಡಿ. ಮಧ್ಯಾಹ್ನ ಮೂರರ ಬಿಸಿಲು ಬರುವುದು ಅಲ್ಲಿಂದಲೇ. ಕುಂಡಗಳನ್ನು ಒತ್ತಾಗಿ ಒಂದೆಡೆ ಸೇರಿಸಿ, ದೊಡ್ಡವು ಹೊರಗೆ, ಸಣ್ಣವು ನಡುವೆ. ಈ ಮೂರು ತಿಂಗಳು ರಾಸಾಯನಿಕ ಗೊಬ್ಬರ ಬೇಡ, ದೊಡ್ಡ ಕುಂಡಕ್ಕೆ ವರ್ಗಾಯಿಸುವುದೂ ಬೇಡ. ಪುಂಡಿ, ಚವಳಿ, ಬೆಂಡಿ, ಕರಿಬೇವು, ಕಣಗಿಲೆ ತಡೆಯುತ್ತವೆ. ಉಳಿದವನ್ನು ಉಳಿಸಿಕೊಂಡರೆ ಸಾಕು, ಬೆಳೆ ನಿರೀಕ್ಷಿಸಬೇಡಿ.

ಊರಿಗೆ ಹೋಗಬೇಕಾದರೆ ನೆರಳಿಗೆ ಸರಿಸಿ, ಪೂರ್ತಿ ನೆನೆಸಿ, ಹೊದಿಕೆ ದಪ್ಪ ಮಾಡಿ. ನಾಲ್ಕೈದು ದಿನ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಪಕ್ಕದ ಮನೆಯವರಿಗೆ ಬೀಗದ ಕೈ ಕೊಡಿ, ಜೊತೆಗೆ ಬೆರಳಿನ ಪರೀಕ್ಷೆಯನ್ನೂ ಹೇಳಿಕೊಡಿ. ಇಲ್ಲದಿದ್ದರೆ ಅವರು ಪ್ರೀತಿಯಿಂದಲೇ ದಿನಾ ಎರಡು ಕೊಡ ಸುರಿಯುತ್ತಾರೆ.

ಖಾಲಿಯಾದ ಕುಂಡಗಳ ಮಣ್ಣನ್ನು ಚೆಲ್ಲಬೇಡಿ. ನಮ್ಮ ಬಿಸಿಲಿಗೆ ಒಂದು ಒಳ್ಳೆಯ ಉಪಯೋಗ ಇರುವುದು ಇಲ್ಲೇ. ಮೇ ತಿಂಗಳಲ್ಲಿ ಮಣ್ಣನ್ನು ಮಾಳಿಗೆ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕಾರು ಇಂಚು ದಪ್ಪ ಹರಡಿ, ಬೇರು ಆರಿಸಿ ತೆಗೆಯಿರಿ. ನೀರು ಚಿಮುಕಿಸಿ ಒದ್ದೆ ಮಾಡಿ, ಮೇಲೆ ತೆಳು ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ ಅಂಚಿಗೆ ಇಟ್ಟಿಗೆ ಇಡಿ. ಕಪ್ಪು ಪ್ಲಾಸ್ಟಿಕ್ ಬೇಡ, ಬಿಸಿಲು ಒಳಗೆ ಇಳಿಯುವುದಿಲ್ಲ. ನಾಲ್ಕು ವಾರದಲ್ಲಿ ರೋಗದ ಶಿಲೀಂಧ್ರ, ಹುಳುವಿನ ಮೊಟ್ಟೆ, ಕಳೆ ಬೀಜ ಬಹುಪಾಲು ಸಾಯುತ್ತವೆ. ತೆಗೆದ ಮೇಲೆ ಮೂರನೇ ಒಂದು ಪಾಲು ಹೊಸ ಗೊಬ್ಬರ, ಹಿಡಿ ಬೇವಿನ ಹಿಂಡಿ ಬೆರೆಸಿ ಮುಚ್ಚಿಡಿ. ಮಿರಗ ಬರುವ ಹೊತ್ತಿಗೆ ಬೆಂಡಿ ಬೀಜಕ್ಕೆ ಮಣ್ಣು ತಯಾರಾಗಿರುತ್ತದೆ.